ಬೆಳಿಗ್ಗೆ ಹೊತ್ತಿ ಮಧ್ಯಾಹ್ನ ಆರುವ ಟೈರ್ ದೀಪ: ಪಿಕಪ್ ಇಟ್ಕೊಂಡವರಿಗೆ ಒಂದಿಷ್ಟು ಮಾತು

ವೀಡಿಯೋ ನೋಡೋಕೆ ಪುರುಸೊತ್ತಿಲ್ಲ, ಓದ್ಕೋತೀವಿ ಅನ್ನೋರಿಗಾಗಿ ಈ ವಾರದ ಮಾತನ್ನು ಇಲ್ಲಿ ಬರೆದು ಹಾಕಿದ್ದೀನಿ. ಮಾತಾಡುವಾಗ ಅವಸರದಲ್ಲಿ ಬಿಟ್ಟುಹೋದ ಒಂದೆರಡು ಲೆಕ್ಕಗಳನ್ನೂ ಸೇರಿಸಿದ್ದೀನಿ.

ಈ ಸಲದ ಪ್ರಶ್ನೆ ಚೆನ್ನೈನಿಂದ ಬಂದದ್ದು. ಕೇಳಿದವರು ಅಲ್ಲಿ ಮದುವೆ, ಉಪನಯನಗಳಿಗೆ ಅಡುಗೆ ಕಾಂಟ್ರಾಕ್ಟ್ ಮಾಡೋ ನಮ್ಮ ಉಡುಪಿ ಕಡೆಯವರು. ತರಕಾರಿ ತರೋಕೆ, ಪಾತ್ರೆ ಸಾಗಿಸೋಕೆ ಒಂದು ಪಿಕಪ್ ಇದೆ. ಅವರ ಮಾತು ಇಷ್ಟು: "ಸರ್, ಬೆಳಗಿನ ಜಾವ ಕೋಯಂಬೇಡು ಮಾರ್ಕೆಟ್‌ಗೆ ಹೊರಟ ಕೂಡಲೇ ಮೀಟರ್‌ನಲ್ಲಿ ಟೈರಿನ ಹಳದಿ ದೀಪ ಹೊತ್ತುತ್ತೆ. ಮಾರ್ಕೆಟ್ ಮುಟ್ಟೋಷ್ಟರಲ್ಲಿ ಆರಿಹೋಗುತ್ತೆ. ಡ್ರೈವರ್ ಸೆನ್ಸರ್ ಕಂಪ್ಲೇಂಟು ಅಂತಾನೆ. ಮೇಲೆ ಟೇಪ್ ಅಂಟಿಸಿಬಿಡ್ಲಾ?"

ಬೇಡ. ಟೇಪ್ ಅಂಟಿಸಬೇಡಿ. ತಣ್ಣಗಿದ್ದಾಗ ಹೊತ್ತಿ, ಬಿಸಿಯಾದಾಗ ಆರೋ ದೀಪ ಅಂದ್ರೆ ಹೆಚ್ಚುಕಡಿಮೆ ಯಾವಾಗಲೂ ಸೆನ್ಸರ್ ಸರಿಯಾಗಿದೆ, ಗಾಳಿ ಕಡಿಮೆ ಇದೆ ಅಂತಲೇ ಅರ್ಥ. ಕೆಟ್ಟ ಸೆನ್ಸರ್ ಹಾಗೆ ಹೊತ್ತು ನೋಡಿ ಹೊತ್ತೋದಿಲ್ಲ. ಅದು ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ.

ಆ ದೀಪದ ಚಿತ್ರ ಕುದುರೆ ಲಾಳದ ಥರ ಇರುತ್ತೆ, ಮಧ್ಯೆ ಒಂದು ಆಶ್ಚರ್ಯಸೂಚಕ ಚಿಹ್ನೆ. ನಮ್ಮ ಕಾಂಟ್ರಾಕ್ಟರಿಗೆ ಅದು ಬಾಣಲೆ ಥರ ಕಂಡಿದೆಯಂತೆ! ಇರಲಿ. ಈ ವ್ಯವಸ್ಥೆಗೆ ಟಿಪಿಎಂಎಸ್ ಅಂತಾರೆ. ಇದರಲ್ಲಿ ಎರಡು ಜಾತಿ ಇದೆ, ನಿಮ್ಮ ಗಾಡಿಯದು ಯಾವುದು ಅಂತ ಮೊದಲು ತಿಳ್ಕೊಳ್ಳಿ. ಮೀಟರ್‌ನಲ್ಲಿ ಒಂದೊಂದು ಟೈರಿಗೂ ಬೇರೆ ಬೇರೆ ಸಂಖ್ಯೆ ತೋರಿಸಿದ್ರೆ, ಪ್ರತಿ ಚಕ್ರದೊಳಗೂ ವಾಲ್ವ್ ಬುಡದಲ್ಲಿ ಬ್ಯಾಟರಿ ಇರೋ ಚಿಕ್ಕ ಸೆನ್ಸರ್ ಇದೆ, ರೇಡಿಯೋ ಮೂಲಕ ಲೆಕ್ಕ ಕಳಿಸ್ತಿದೆ ಅಂತ ಅರ್ಥ. ಬರೀ ದೀಪ ಮಾತ್ರ ಇದ್ದು, ಮೆನುವಿನಲ್ಲಿ ರೀಸೆಟ್ ಅಂತ ಒಂದು ಆಯ್ಕೆ ಇದ್ರೆ ಅದು ಬಹುಶಃ ಎರಡನೇ ಜಾತಿ. ಅಲ್ಲಿ ಟೈರೊಳಗೆ ಏನೂ ಇರೋದಿಲ್ಲ. ಗಾಳಿ ಇಳಿದ ಟೈರಿನ ಸುತ್ತಳತೆ ಸ್ವಲ್ಪ ಕಡಿಮೆಯಾಗಿ ಆ ಚಕ್ರ ಜಾಸ್ತಿ ಸುತ್ತು ತಿರುಗುತ್ತೆ, ಅದನ್ನ ಎಬಿಎಸ್ ಸೆನ್ಸರ್‌ಗಳು ಹಿಡೀತವೆ. ಹಾಗಾಗಿ ನಾಲ್ಕೂ ಟೈರು ಒಟ್ಟೊಟ್ಟಿಗೆ ನಿಧಾನವಾಗಿ ಇಳಿದ್ರೆ ಈ ಎರಡನೇ ಜಾತಿಗೆ ಗೊತ್ತೇ ಆಗದೆ ಹೋಗಬಹುದು. ಗಾಳಿ ಸರಿ ಮಾಡಿಸಿದ ಮೇಲೆ ಅದಕ್ಕೆ ರೀಸೆಟ್ ಒತ್ತಿ ಹೇಳ್ಬೇಕು. ಒತ್ತದೇ ಇದ್ರೆ ಹಳೇ ಲೆಕ್ಕವನ್ನೇ ಹಿಡ್ಕೊಂಡು ಕೂತಿರುತ್ತೆ. ಕಡಿಮೆ ಗಾಳಿ ಇರೋವಾಗ ರೀಸೆಟ್ ಒತ್ತಿದ್ರಂತೂ ಆ ಕಡಿಮೆ ಗಾಳಿಯೇ ಸರಿ ಅಂತ ಕಲಿತುಬಿಡುತ್ತೆ. ದೀಪ ಆರಿಸೋಕೆ ಅಂತ ರೀಸೆಟ್ ಒತ್ತೋ ಡ್ರೈವರ್‌ಗಳನ್ನ ನೋಡಿದ್ದೀನಿ. ಅದು ಟೇಪ್ ಅಂಟಿಸೋದಕ್ಕಿಂತ ಅಪಾಯ, ಯಾಕಂದ್ರೆ ಟೇಪ್ ಆದ್ರೂ ಕಣ್ಣಿಗೆ ಕಾಣುತ್ತೆ.

ಈಗ ಲೆಕ್ಕಕ್ಕೆ ಬರೋಣ. ಮುಚ್ಚಿದ ಟೈರೊಳಗಿನ ಗಾಳಿ ತಣ್ಣಗಾದ್ರೆ ಒತ್ತಡ ಇಳಿಯುತ್ತೆ, ಬಿಸಿಯಾದ್ರೆ ಏರುತ್ತೆ. ಸಣ್ಣ ಗಾಡಿಗಳ ಒತ್ತಡದಲ್ಲಿ 10 ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಒಂದೂವರೆ ಪಿಎಸ್‌ಐ ಅಂತ ನೆನಪಿಟ್ಕೊಳ್ಳಿ. ಚೆನ್ನೈ ಮಧ್ಯಾಹ್ನ. ಗಾಡಿ ಊರೆಲ್ಲ ಸುತ್ತಿ ಬಂದಿದೆ, ಟೈರು 50 ಡಿಗ್ರಿ ಕಾದಿದೆ. ಬಂಕಿನಲ್ಲಿ ನಿಲ್ಸಿ "ಮೂವತ್ತೈದು ಹಾಕಪ್ಪಾ" ಅಂದ್ರಿ. ಅವನು ಹಾಕಿದ. ಜನವರಿಯ ಬೆಳಗಿನ ಜಾವ ಅದೇ ಟೈರು 22 ಡಿಗ್ರಿಗೆ ಇಳಿದಾಗ ಒಳಗೆ ಉಳಿಯೋದು 31ರ ಹತ್ತಿರ ಮಾತ್ರ. ಇದರ ಮೇಲೆ ಯಾವ ಟೈರಾದ್ರೂ ರಬ್ಬರಿನ ಮೂಲಕವೇ ತಿಂಗಳಿಗೆ ಸುಮಾರು ಒಂದು ಪಿಎಸ್‌ಐ ಬಿಟ್ಟುಕೊಡುತ್ತೆ, ಪಂಕ್ಚರ್ ಇಲ್ಲದಿದ್ರೂ. ಮೂರು ತಿಂಗಳು ನೋಡದೇ ಬಿಟ್ರೆ 28. ಹೆಚ್ಚಿನ ಗಾಡಿಗಳಲ್ಲಿ ಎಚ್ಚರಿಕೆ ಹೊತ್ತೋದು ಕಂಪನಿ ಹೇಳಿದ ಒತ್ತಡಕ್ಕಿಂತ ಶೇಕಡಾ 20ರಿಂದ 25ರಷ್ಟು ಕಡಿಮೆಯಾದಾಗ. 35ಕ್ಕೆ ಶೇಕಡಾ 20 ಕಳೆದ್ರೆ ಎಷ್ಟು? ಸರಿಯಾಗಿ 28. ದೀಪ ಹೊತ್ತಿತು. ಗಾಡಿ ಓಡಿ ಟೈರು ಒಂದು ಹದಿನೈದು ಡಿಗ್ರಿ ಬಿಸಿಯಾದ ಕೂಡಲೇ ಎರಡು ಪಿಎಸ್‌ಐ ಮೇಲೆ ಬಂತು, ದೀಪ ಆರಿತು. ನಮ್ಮ ಕಾಂಟ್ರಾಕ್ಟರ ಕೋಯಂಬೇಡು ಕಥೆ ಇದೇ. ಆರಿದ್ದು ದೀಪ ಮಾತ್ರ, ಗಾಳಿ ಏನೂ ತುಂಬಿಕೊಂಡಿಲ್ಲ.

ಅದಕ್ಕೇ ಟೈರ್ ಗಾಳಿ ನೋಡೋದು ತಣ್ಣಗಿರುವಾಗ. ಗಾಡಿ ಕನಿಷ್ಠ ಮೂರು ಗಂಟೆ ನಿಂತಿರಬೇಕು, ಅಥವಾ ಒಂದೆರಡು ಕಿಲೋಮೀಟರ್ ನಿಧಾನವಾಗಿ ಓಡಿರಬೇಕು ಅಷ್ಟೇ. ಬಿಸಿ ಟೈರಿಗೇ ಹಾಕಿಸಲೇಬೇಕಾದ ಪರಿಸ್ಥಿತಿ ಬಂದ್ರೆ ಸ್ಟಿಕ್ಕರ್ ಸಂಖ್ಯೆಗಿಂತ ಒಂದು 4 ಪಿಎಸ್‌ಐ ಜಾಸ್ತಿ ಹಾಕಿಸಿ, ಮರುದಿನ ಬೆಳಿಗ್ಗೆ ಮನೆ ಮುಂದೆ ಮತ್ತೆ ಅಳೆದು ಸರಿ ಮಾಡ್ಕೊಳ್ಳಿ. ಇದರ ಉಲ್ಟಾ ಮಾತ್ರ ಯಾವತ್ತೂ ಮಾಡಬೇಡಿ. ಹೈವೇಯಲ್ಲಿ ಮೀಟರ್ 40 ತೋರಿಸ್ತಿದೆ, ಬಿಸಿಲಿಗೆ ಸಿಡಿದುಬಿಡುತ್ತೆ ಅಂತ ಹೆದರಿ ನಿಲ್ಸಿ ಗಾಳಿ ಬಿಡಿಸೋರಿದ್ದಾರೆ. ಓಡೋವಾಗ ಒತ್ತಡ ಏರೋದು ಟೈರ್ ಮಾಡೋರ ಲೆಕ್ಕದಲ್ಲೇ ಇರುತ್ತೆ. ಬಿಟ್ಟರೆ ಟೈರು ಇನ್ನಷ್ಟು ಮೆತ್ತಗಾಗಿ, ಪಕ್ಕದ ಗೋಡೆ ಜಾಸ್ತಿ ಬಾಗಿ, ಇನ್ನಷ್ಟು ಬಿಸಿಯಾಗುತ್ತೆ. ಬೇಸಿಗೆಯಲ್ಲಿ ಟೈರ್ ಸಿಡಿಯೋದು ಹೆಚ್ಚಾಗಿ ಈ ಕಾರಣಕ್ಕೆ: ಗಾಳಿ ಕಡಿಮೆ, ಲೋಡು ಜಾಸ್ತಿ, ವೇಗ ಜಾಸ್ತಿ. ಹಳೇ ಟೈರಾದ್ರೆ ಕೇಳೋದೇ ಬೇಡ.

ಇದು ಪುಸ್ತಕದ ಮಾತಲ್ಲ. ಅಮೆರಿಕದಲ್ಲಿ ಈ ದೀಪವನ್ನು ಕಾನೂನಿಂದಲೇ ತಂದದ್ದಕ್ಕೆ ಹಿಂದೆ ದೊಡ್ಡ ದುರಂತ ಇದೆ. ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳಲ್ಲಿ ಫೈರ್‌ಸ್ಟೋನ್ ಟೈರುಗಳ ಮೇಲ್ಪದರ ಕಿತ್ತುಬಂದು ಗಾಡಿ ಮಗುಚಿ ಜನ ಸತ್ತರು. 2000ದ ಆಗಸ್ಟ್‌ನಲ್ಲಿ ಸುಮಾರು 65 ಲಕ್ಷ ಟೈರುಗಳನ್ನು ಕಂಪನಿ ವಾಪಸ್ ಕರೆಸಿಕೊಂಡಿತು. ಅಲ್ಲಿನ ಸರ್ಕಾರದ ಲೆಕ್ಕದಲ್ಲಿ ಸಾವು 271. ಫೋರ್ಡ್ ಆ ಗಾಡಿಗೆ ಹೇಳಿದ್ದ ಒತ್ತಡ 26 ಪಿಎಸ್‌ಐ, ಫೈರ್‌ಸ್ಟೋನ್ 30 ಬೇಕು ಅಂದಿತು. ನಾಲ್ಕು ಪಿಎಸ್‌ಐ ಮೇಲೆ ಎರಡು ದೊಡ್ಡ ಕಂಪನಿಗಳು ಬೀದಿಜಗಳ ಆಡಿ, ತೊಂಬತ್ತು ವರ್ಷಕ್ಕೂ ಮೇಲ್ಪಟ್ಟ ಸಂಬಂಧ ಕಡ್ಕೊಂಡವು. ಅದೇ ವರ್ಷ ಅಲ್ಲಿ ಕಾನೂನು ಬಂತು, 2007ರ ಸೆಪ್ಟೆಂಬರಿನಿಂದ ಎಲ್ಲ ಹೊಸ ಸಣ್ಣ ವಾಹನಗಳಿಗೂ ಈ ದೀಪ ಕಡ್ಡಾಯವಾಯ್ತು.

ನಮ್ಮಲ್ಲಿ ಹಾಗೆ ಎಲ್ಲದಕ್ಕೂ ಕಡ್ಡಾಯ ಇಲ್ಲ. 2020ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ಪ್ರಯಾಣಿಕರ ಸಣ್ಣ ವಾಹನದಲ್ಲಿ ಟಿಪಿಎಂಎಸ್ ಮತ್ತು ಪಂಕ್ಚರ್ ರಿಪೇರಿ ಕಿಟ್ ಇದ್ರೆ ಸ್ಟೆಪ್ನಿ ಇಲ್ಲದಿದ್ರೂ ನಡೆಯುತ್ತೆ ಅಂದ್ರು. ಪಿಕಪ್ ಇಟ್ಕೊಂಡವರು ಈ ಮಾತು ಕೇಳಿ ಸ್ಟೆಪ್ನಿ ಇಳಿಸಿ ಜಾಗ ಮಾಡ್ಕೋಬೇಡಿ. ಲೋಡ್ ಇರೋ ಗಾಡಿಯ ಟೈರಿನ ಪಕ್ಕ ಸೀಳಿದ್ರೆ ಯಾವ ಕಿಟ್ಟೂ ಕೆಲಸಕ್ಕೆ ಬರೋದಿಲ್ಲ.

ಇನ್ನು ಪಿಕಪ್‌ಗೇ ಇರೋ ತಲೆನೋವು ಒಂದಿದೆ. ಕಾರಿನಲ್ಲಿ ಖಾಲಿಗೂ ತುಂಬಿದ್ದಕ್ಕೂ ಅಂಥ ವ್ಯತ್ಯಾಸ ಇರೋದಿಲ್ಲ. ಪಿಕಪ್‌ನಲ್ಲಿ ಹಿಂದಿನ ಆಕ್ಸಲ್ ಮೇಲೆ ಬೆಳಿಗ್ಗೆ ಏನೂ ಇಲ್ಲ, ಮಧ್ಯಾಹ್ನ ಒಂದು ಟನ್. ಡ್ರೈವರ್ ಬಾಗಿಲು ತೆಗೆದ್ರೆ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತೆ, ಅದರಲ್ಲಿ ಮುಂದಿನ ಟೈರಿಗೆ ಒಂದು ಸಂಖ್ಯೆ, ಹಿಂದಿನದಕ್ಕೆ ಒಂದು, ಎಷ್ಟೋ ಗಾಡಿಗಳಲ್ಲಿ ಲೋಡ್ ಇದ್ದಾಗ ಬೇರೆ. ನೋಡಬೇಕಾದ್ದು ಈ ಸ್ಟಿಕ್ಕರ್ರು, ಟೈರಿನ ಪಕ್ಕದಲ್ಲಿ ಉಬ್ಬಕ್ಷರದಲ್ಲಿರೋ ಸಂಖ್ಯೆಯಲ್ಲ. ಅದು ಆ ಟೈರು ತಡೆಯೋ ಗರಿಷ್ಠ ಮಿತಿ, ನಿಮ್ಮ ಗಾಡಿಗೆ ಹೇಳಿದ್ದಲ್ಲ. ದೀಪದ ಲೆಕ್ಕಕ್ಕೆ ನಿಮ್ಮ ಲೋಡು ಗೊತ್ತಿಲ್ಲ ಅನ್ನೋದು ಇಲ್ಲಿ ಮುಖ್ಯ. ಖಾಲಿ ಗಾಡಿಯ ಒತ್ತಡವನ್ನೇ ಆಧಾರ ಇಟ್ಕೊಂಡಿದ್ರೆ, ಪಾತ್ರೆ, ಗ್ಯಾಸ್ ಸಿಲಿಂಡರ್, ಅಕ್ಕಿ ಮೂಟೆ ಎಲ್ಲ ಹೇರಿಕೊಂಡು ಕಾಂಚೀಪುರಕ್ಕೆ ಹೊರಟಾಗ ಹಿಂದಿನ ಟೈರಿಗೆ ಗಾಳಿ ಸಾಲದಿದ್ರೂ ದೀಪ ಹೊತ್ತದೇ ಇರಬಹುದು. ದೀಪ ಇಲ್ಲ, ಹಾಗಾಗಿ ಎಲ್ಲ ಸರಿ ಅನ್ನೋ ಧೈರ್ಯ ಪಿಕಪ್‌ನಲ್ಲಿ ಬೇಡ.

ಸಂಖ್ಯೆ ಓದೋವಾಗ ಮಾನ ನೋಡಿ. ಸ್ಟಿಕ್ಕರ್‌ನಲ್ಲಿ ಕಿಲೋಪಾಸ್ಕಲ್, ಮೀಟರ್‌ನಲ್ಲಿ ಬಾರ್, ಬಂಕಿನವನ ಬಾಯಲ್ಲಿ ಪಿಎಸ್‌ಐ ಅಥವಾ ಬರೀ "ಪಾಯಿಂಟ್". 240 ಕಿಲೋಪಾಸ್ಕಲ್, 2.4 ಬಾರ್, 35 ಪಿಎಸ್‌ಐ ಮೂರೂ ಒಂದೇ.

ಗಾಳಿ ಸರಿ ಮಾಡಿಸಿದಿರಿ. ಒಂದು ವಾರಕ್ಕೆ ಮತ್ತೆ ದೀಪ, ಅದೂ ಒಂದೇ ಚಕ್ರ. ಆಗ ಅದು ಹವೆಯ ಆಟ ಅಲ್ಲ, ಎಲ್ಲೋ ಸೋರ್ತಿದೆ. ಎಲ್ಲ ಟೈರೂ ಒಟ್ಟಿಗೆ ಇಳಿದ್ರೆ ಹವೆ, ಒಂದೇ ಇಳಿದ್ರೆ ಸೋರಿಕೆ. ಇಷ್ಟು ಗೊತ್ತಿದ್ರೆ ಅರ್ಧ ಕೆಲಸ ಮುಗಿದ ಹಾಗೆ. ಸೋಪು ನೀರು ಮಾಡ್ಕೊಂಡು ಮೊದಲು ವಾಲ್ವ್ ಬಾಯಿಗೆ ಹಾಕಿ. ಎಷ್ಟೋ ಸಲ ಒಳಗಿನ ಪಿನ್ ಸಡಿಲವಾಗಿರುತ್ತೆ, ಎರಡು ನಿಮಿಷದ ಕೆಲಸ. ಆಮೇಲೆ ವಾಲ್ವ್ ಬುಡ, ಆಮೇಲೆ ಟೈರಿನ ಹಲ್ಲುಗಳ ಮಧ್ಯೆ ಮೊಳೆ ಗಿಳೆ, ಕೊನೆಗೆ ಟೈರು ರಿಮ್ಮಿಗೆ ಕೂರೋ ಅಂಚು.

ಚೆನ್ನೈನಲ್ಲಿ ಈ ಕೊನೆಯದನ್ನ ವಿಶೇಷವಾಗಿ ನೋಡಿ ಅಂತೀನಿ. ಸಮುದ್ರದ ಉಪ್ಪುಗಾಳಿ, ವರ್ಷಕ್ಕೊಮ್ಮೆ ಮೊಣಕಾಲುದ್ದ ನೀರು. ಸ್ಟೀಲ್ ರಿಮ್ಮಿಗೆ ತುಕ್ಕು ಹಿಡಿದು ಪುಡಿ ಏಳುತ್ತೆ, ಅಲಾಯ್ ರಿಮ್ಮಿಗೆ ಬಿಳಿ ಬಿಳಿ ಹೊಪ್ಪಳೆ. ಟೈರಿಗೂ ರಿಮ್ಮಿಗೂ ಮಧ್ಯೆ ಕೂದಲೆಳೆಯಷ್ಟು ಜಾಗ ಆದ್ರೂ ಸಾಕು, ಗಾಳಿ ನಿಧಾನಕ್ಕೆ ಜಾರಿಕೊಳ್ಳುತ್ತೆ. ಟೈರ್ ಬಿಚ್ಚಿಸಿ, ಅಂಚನ್ನ ಉಜ್ಜಿ ಸ್ವಚ್ಛ ಮಾಡಿಸಿ, ಮತ್ತೆ ಕೂರಿಸಬೇಕು. ಉಪ್ಪಿನ ಇನ್ನೊಂದು ಉಪದ್ರ: ಒಳಗಿನ ಸೆನ್ಸರ್ ಹಲವು ಗಾಡಿಗಳಲ್ಲಿ ಅಲ್ಯೂಮಿನಿಯಂ ವಾಲ್ವ್‌ಗೆ ಅಂಟಿಕೊಂಡಿರುತ್ತೆ. ಅದಕ್ಕೆ ಪಂಕ್ಚರ್ ಅಂಗಡಿಯವನು ಸಾಮಾನ್ಯ ಹಿತ್ತಾಳೆ ಪಿನ್ ಹಾಕಿದ್ರೆ, ಎರಡು ಲೋಹ ಸೇರಿ, ಉಪ್ಪುನೀರು ಸೇರಿ, ಕೆಲವೇ ತಿಂಗಳಲ್ಲಿ ಪಿನ್ನು ಅಲ್ಲೇ ಕಚ್ಚಿಕೊಂಡುಬಿಡಬಹುದು. ಆಮೇಲೆ ತಿರುಗಿಸಿದ್ರೆ ವಾಲ್ವೇ ಮುರಿದು ಬರುತ್ತೆ. ನಿಕಲ್ ಲೇಪನ ಇರೋ ಪಿನ್ ಕೇಳಿ ಹಾಕಿಸಿ. ಮೇಲಿನ ಕ್ಯಾಪೂ ಅಷ್ಟೇ, ಪ್ಲಾಸ್ಟಿಕ್ಕಿನದೇ ವಾಸಿ.

ಟೈರ್ ಬಿಚ್ಚೋಕೆ ಮುಂಚೆ ಒಳಗೆ ಸೆನ್ಸರ್ ಇದೆ ಅಂತ ಹೇಳೋದು ಮರೀಬೇಡಿ. ತಮಿಳು ಬಾರದಿದ್ರೂ "ಅಣ್ಣಾ, ಉಳ್ಳೆ ಸೆನ್ಸರ್ ಇರುಕ್ಕು" ಅಂದ್ರೆ ಸಾಕು. ಟೈರನ್ನ ರಿಮ್ಮಿಂದ ಬಿಡಿಸೋ ಮಷೀನು ವಾಲ್ವ್ ಪಕ್ಕಕ್ಕೇ ಬಿದ್ರೆ ಸೆನ್ಸರ್ ಚೂರುಚೂರು. ಟೈರೊಳಗೆ ಸುರಿಯೋ ಅಂಟು ದ್ರಾವಣವೂ ಸೆನ್ಸರಿನ ತೂತನ್ನ ಮುಚ್ಚಬಹುದು, ತುರ್ತಿಗೆ ಹಾಕಿದ್ರೆ ಆಮೇಲೆ ಬಿಚ್ಚಿಸಿ ತೊಳೆಸಿ.

ಹಾಗಾದ್ರೆ ಸೆನ್ಸರ್ ನಿಜವಾಗಲೂ ಕೆಟ್ಟಿದೆ ಅಂತ ಯಾವಾಗ ತಿಳಿಯೋದು? ಇಂಜಿನ್ ಸ್ಟಾರ್ಟ್ ಮಾಡಿದಾಗ ದೀಪ ಒಂದು ನಿಮಿಷ, ಒಂದೂವರೆ ನಿಮಿಷ ಮಿಣಮಿಣ ಅಂತ ಮಿನುಗಿ ಆಮೇಲೆ ಸ್ಥಿರವಾಗಿ ನಿಂತ್ರೆ ಅದು ವ್ಯವಸ್ಥೆಯ ದೋಷ. ಮಿನುಗದೆ ನೇರವಾಗಿ ಹೊತ್ತಿದ್ರೆ ಗಾಳಿ ಕಡಿಮೆ. ಹೆಚ್ಚಿನ ಕಂಪನಿಗಳ ಭಾಷೆ ಇದೇ. ದೋಷದ ಕಾರಣಗಳಲ್ಲಿ ಮೊದಲನೇದು ಬ್ಯಾಟರಿ. ಒಳಗಿನ ಸೆನ್ಸರಿನದು ಐದರಿಂದ ಹತ್ತು ವರ್ಷ ಬಾಳುತ್ತೆ, ಮುಗಿದ್ರೆ ಇಡೀ ಸೆನ್ಸರ್ ಬದಲಾಯಿಸಬೇಕು. ಎರಡನೇದು ಸ್ಟೆಪ್ನಿ. ಪಂಕ್ಚರ್ ಆಗಿ ಸ್ಟೆಪ್ನಿ ಹಾಕಿದ್ದೀರಿ, ಅದರಲ್ಲಿ ಸೆನ್ಸರ್ರೇ ಇಲ್ಲ, ಗಾಡಿ ಹುಡುಕಿ ಹುಡುಕಿ ಸುಸ್ತಾಗಿ ದೀಪ ಮಿನುಗಿಸುತ್ತೆ. ಮೂರನೇದು ತಪ್ಪು ಸೆನ್ಸರ್. ನಮ್ಮಲ್ಲಿ ಮಾರೋ ಗಾಡಿಗಳ ಸೆನ್ಸರ್‌ಗಳು ಸಾಮಾನ್ಯವಾಗಿ 433 ಮೆಗಾಹರ್ಟ್ಸ್‌ನಲ್ಲಿ ಮಾತಾಡ್ತವೆ, ಅಮೆರಿಕದ ಬಹಳಷ್ಟು ಗಾಡಿಗಳದ್ದು 315. ಅಲ್ಲಿಂದ ಬರೋ ಅಳಿಯನ ಕೈಲಿ ಅಗ್ಗಕ್ಕೆ ಸಿಗುತ್ತೆ ಅಂತ ತರಿಸ್ಕೊಂಡ್ರೆ ಅದು ಇಲ್ಲಿ ಮೂಗ. ಇನ್ನು ದುಡ್ಡಿಲ್ಲದೆ ನೋಡಬಹುದಾದ್ದು: ಅಗ್ಗದ ಮೊಬೈಲ್ ಚಾರ್ಜರ್, ಡ್ಯಾಶ್ ಕ್ಯಾಮೆರಾ ಕಿತ್ತು ಒಂದು ದಿನ ಓಡಿಸಿ. ಅವುಗಳ ರೇಡಿಯೋ ಗದ್ದಲದಲ್ಲಿ ಸೆನ್ಸರಿನ ಸಣ್ಣ ದನಿ ಮುಳುಗಿಹೋಗೋದುಂಟು.

ಎಬಿಎಸ್ ಜಾತಿಯ ಗಾಡಿಯಲ್ಲಿ ಟೈರ್ ದೀಪದ ಜೊತೆಗೇ ಎಬಿಎಸ್ ದೀಪವೂ ಹೊತ್ತಿದ್ರೆ ಟೈರ್ ಬಿಟ್ಟು ಚಕ್ರದ ಹತ್ತಿರದ ವೈರು, ಕನೆಕ್ಟರ್ ನೋಡಿಸಿ. 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲಿ ವೇಳಚ್ಚೇರಿ, ಪಳ್ಳಿಕರಣೈ ಕಡೆ ನೀರಲ್ಲಿ ನಿಂತಂಥ ಗಾಡಿಗಳಲ್ಲಿ ಅಲ್ಲಿಂದ ಶುರುವಾಗೋ ತೊಂದರೆ ಎಷ್ಟೋ ತಿಂಗಳ ಮೇಲೆ ಹೊರಗೆ ಬರಬಹುದು.

ಈಗ ಕಂಪನಿಯಿಂದ ಬರದೇ, ಹೊರಗಿಂದ ಕೊಂಡು ಹಾಕಿಸಿಕೊಂಡವರ ವಿಷಯ. ಪಿಕಪ್‌ಗಳಲ್ಲಿ ಇವರೇ ಜಾಸ್ತಿ. ವಾಲ್ವ್ ಕ್ಯಾಪಿನ ಜಾಗದಲ್ಲಿ ತಿರುಗಿಸಿ ಕೂರಿಸೋ ಸೆನ್ಸರ್, ಡ್ಯಾಶ್‌ಬೋರ್ಡ್ ಮೇಲೆ ಸೋಲಾರ್ ಡಬ್ಬಿ. ಒಳ್ಳೇದೇ, ನನ್ನ ಆಕ್ಷೇಪ ಇಲ್ಲ. ಆದ್ರೆ ಈ ಕ್ಯಾಪು ಕೂತಾಗ ವಾಲ್ವ್ ಪಿನ್ನನ್ನ ಸದಾ ಒತ್ತಿ ತೆರೆದೇ ಇಟ್ಟಿರುತ್ತೆ. ಗಾಳಿ ತಡೀತಿರೋದು ಕ್ಯಾಪಿನೊಳಗಿನ ಒಂದು ರಬ್ಬರ್ ವಾಷರ್ ಮಾತ್ರ. ಅದು ಒಣಗಿ ಬಿರುಕು ಬಿಟ್ರೆ ಸೆನ್ಸರ್ರೇ ಸೋರಿಕೆಗೆ ಕಾರಣ! ಹಾಕಿದ ಮೇಲೆ ಸೋಪು ನೀರಿನ ಪರೀಕ್ಷೆ ಕಡ್ಡಾಯ, ಆರು ತಿಂಗಳಿಗೊಮ್ಮೆ ಮತ್ತೆ. ಹಳೇ ರಬ್ಬರ್ ವಾಲ್ವ್ ಮೇಲೆ ಈ ತೂಕ ಹಾಕಿದ್ರೆ ವೇಗದಲ್ಲಿ ಬಾಗಿ ಬುಡದಲ್ಲಿ ಸೀಳುತ್ತೆ, ಲೋಹದ ವಾಲ್ವ್ ಹಾಕಿಸಿಕೊಳ್ಳಿ.

ಈ ಡಬ್ಬಿಗಳ ಇನ್ನೊಂದು ಕಿರಿಕಿರಿ ಅಂದ್ರೆ ಮಿತಿಗಳು. ಬರೋವಾಗ ಕಾರಿನ ಲೆಕ್ಕಕ್ಕೆ ಹೊಂದಿಸಿರ್ತಾರೆ. ಲೋಡಿಗೆ ಅಂತ ಹಿಂದಿನ ಟೈರಿಗೆ 50ರ ಮೇಲೆ ಹಾಕಿಸಿದ ಕೂಡಲೇ "ಹೆಚ್ಚು ಒತ್ತಡ" ಅಂತ ಕೂಗೋಕೆ ಶುರು. ಡ್ರೈವರ್ ತಾಳ್ಮೆಗೆಟ್ಟು ಸದ್ದು ನಿಲ್ಲಿಸ್ತಾನೆ. ಆಮೇಲೆ ನಿಜವಾಗಿ ಗಾಳಿ ಇಳಿದಾಗಲೂ ಅದು ಮೌನ. ಮೊದಲ ದಿನವೇ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗೆ ಬೇರೆ ಬೇರೆ ಮಿತಿ ಹೊಂದಿಸಿ. ಉಷ್ಣತೆಯ ಎಚ್ಚರಿಕೆ ಬಂದ್ರೆ ನಾಲ್ಕೂ ಚಕ್ರ ಹೋಲಿಸಿ ನೋಡಿ. ಮೂರು ಚಕ್ರ ಒಂದೇ ಥರ ಇದ್ದು ಒಂದು ಮಾತ್ರ ವಿಪರೀತ ಕಾದಿದ್ರೆ ಕಾರಣ ಬಿಸಿಲಲ್ಲ. ಬ್ರೇಕ್ ಹಿಡ್ಕೊಂಡಿರಬಹುದು ಅಥವಾ ಬೇರಿಂಗ್ ಹೋಗಿರಬಹುದು.

ಚೆನ್ನೈ–ಬೆಂಗಳೂರು ಓಡಾಡೋರಿಗೆ ಒಂದು ಸ್ವಾರಸ್ಯ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲೆ. ಹೊರಗಿನ ಗಾಳಿಯ ಒತ್ತಡವೇ ಅಲ್ಲಿ ಸುಮಾರು ಒಂದೂವರೆ ಪಿಎಸ್‌ಐ ಕಡಿಮೆ, ಹಾಗಾಗಿ ಕೈಯ ಗೇಜಿನಲ್ಲಿ ಅಳೆದ್ರೆ ಟೈರಿನ ಒತ್ತಡ ಅಷ್ಟು ಜಾಸ್ತಿ ಕಾಣುತ್ತೆ. ಚಳಿಗೆ ಇಳಿದದ್ದನ್ನ ಎತ್ತರ ಸ್ವಲ್ಪ ತುಂಬಿಕೊಟ್ಟ ಹಾಗೆ. ಆದ್ರೆ ಕೆಲವು ಸೆನ್ಸರ್ ವ್ಯವಸ್ಥೆಗಳು ಒಳಗಿನ ಒಟ್ಟು ಒತ್ತಡ ಅಳೆದು, ಅದರಿಂದ ಸಮುದ್ರಮಟ್ಟದ ಗಾಳಿಯ ಒತ್ತಡವನ್ನೇ ಕಳೀತವೆ. ಅಂಥ ಮೀಟರ್ರು ಬೆಂಗಳೂರಲ್ಲಿ ಒಂದೂವರೆ, ಊಟಿಯಲ್ಲಿ ಮೂರಕ್ಕೂ ಮೇಲೆ ಕಡಿಮೆ ತೋರಿಸುತ್ತೆ. ಗೇಜಿಗೂ ಮೀಟರಿಗೂ ಜಗಳ ಬಂದ್ರೆ ಗಾಬರಿ ಬೇಡ, ಒಳ್ಳೆ ಗೇಜನ್ನ ನಂಬಿ. ಕೆಲವು ನೂರು ರೂಪಾಯಿಗೆ ಸಿಗುತ್ತೆ, ಗ್ಲವ್ ಬಾಕ್ಸಲ್ಲಿ ಒಂದು ಇರಲಿ.

ಓಡ್ತಾ ಇರುವಾಗಲೇ ದೀಪ ಹೊತ್ತಿದ್ರೆ? ಆಂಬೂರು ದಾಟಿ ಎಲ್ಲೋ ಇದ್ದೀರಿ, ಹಿಂದೆ ಲೋಡಿದೆ. ಗಬಕ್ಕನೆ ಬ್ರೇಕ್ ಹಾಕಬೇಡಿ, ಸ್ಟಿಯರಿಂಗ್ ಎಳೀಬೇಡಿ. ಆಕ್ಸಿಲರೇಟರ್ ಬಿಟ್ಟು, ಇಂಡಿಕೇಟರ್ ಹಾಕಿ, ಎಡಕ್ಕೆ ಬಂದು ಸಮತಟ್ಟು ಜಾಗದಲ್ಲಿ ನಿಲ್ಸಿ. ಗಾಳಿ ಪೂರ್ತಿ ಇಳಿದಿದ್ರೆ ಇನ್ನೊಂದು ಕಿಲೋಮೀಟರ್ ಹೋಗಿ ನೋಡೋಣ ಅನ್ನಬೇಡಿ, ಅಷ್ಟರಲ್ಲಿ ಟೈರಿನ ಗೋಡೆ ಒಳಗಿಂದ ಪುಡಿಯಾಗಿರುತ್ತೆ. ಅಂಥ ಟೈರಿಗೆ ಪಂಕ್ಚರ್ ಹಾಕಿಸಿ ಮತ್ತೆ ಲೋಡ್ ಹೇರೋದಂತೂ ಬೇಡವೇ ಬೇಡ. ಪಿಕಪ್‌ನಲ್ಲಿ ಹಿಂದೆ ಹುಡುಗರು ಪಾತ್ರೆ ಮೇಲೆ ಕೂತು ಬರೋದು ನಮ್ಮ ಕಡೆಯೂ ಇದೆ, ಅಲ್ಲೂ ಇದೆ. ಟೈರು ಸಿಡಿದಾಗ ಮೊದಲು ಹಾರಿಬೀಳೋರು ಅವರೇ.

ನಮ್ಮ ಕಾಂಟ್ರಾಕ್ಟರಿಗೆ ನಾನು ಹೇಳಿ ಕಳಿಸಿದ್ದು ಇಷ್ಟು. ನಾಳೆ ಬೆಳಿಗ್ಗೆ ಗಾಡಿ ಅಲ್ಲಾಡಿಸೋಕೆ ಮುಂಚೆ ನಾಲ್ಕು ಟೈರೂ, ಸ್ಟೆಪ್ನಿಯೂ ಅಳೆದು ಒಂದು ಚೀಟಿಯಲ್ಲಿ ಬರ್ಕೊಳ್ಳಿ. ಹತ್ತಿರದ ಬಂಕಿಗೆ ನಿಧಾನ ಹೋಗಿ ಸ್ಟಿಕ್ಕರ್ ಪ್ರಕಾರ ಹಾಕಿಸಿ. ಹತ್ತು ನಿಮಿಷ ಓಡಿಸಿ, ಯಾಕಂದ್ರೆ ನಿಂತ ಗಾಡಿಯಲ್ಲಿ ಸೆನ್ಸರ್ ನಿದ್ದೆ ಮಾಡ್ತಿರುತ್ತೆ, ಚಕ್ರ ತಿರುಗಿದ ಮೇಲೇ ಹೊಸ ಲೆಕ್ಕ ಕಳಿಸೋದು. ಒಂದು ವಾರ ಬಿಟ್ಟು ಅದೇ ಹೊತ್ತಿಗೆ ಮತ್ತೆ ಅಳೆದು ಚೀಟಿ ಜೊತೆ ಹೋಲಿಸಿ. ಯಾವುದಾದ್ರೂ ಒಂದು ಮಾತ್ರ ಎರಡು ಪಿಎಸ್‌ಐಗಿಂತ ಜಾಸ್ತಿ ಇಳಿದಿದ್ರೆ ಆ ಚಕ್ರ ಬಿಚ್ಚಿಸಿ.

ನೈಟ್ರೋಜನ್ ಹಾಕಿಸ್ಲಾ ಅಂತಲೂ ಕೇಳಿದ್ದರು. ಮಾಮೂಲಿ ಗಾಳಿಯಲ್ಲೇ ಶೇಕಡಾ 78 ನೈಟ್ರೋಜನ್ ಇದೆ, ತಣ್ಣಗಾದ್ರೆ ಅದೂ ಇಳಿಯುತ್ತೆ. ಪುಕ್ಕಟೆ ಹಾಕಿದ್ರೆ ಹಾಕಿಸ್ಕೊಳ್ಳಿ. ಎರಡು ವಾರಕ್ಕೊಮ್ಮೆ ಅಳೆಯೋ ಕೆಲಸ ಅದರಿಂದ ತಪ್ಪೋದಿಲ್ಲ.

ಮುಂದಿನ ವಾರ ಪಿಕಪ್‌ನ ಹಿಂದಿನ ಪಟ್ಟಿ ಸ್ಪ್ರಿಂಗ್ ಕಿರ್ರ್ ಅನ್ನೋದರ ಬಗ್ಗೆ ಇಬ್ಬರು ಕೇಳಿದ್ದಾರೆ, ಅದನ್ನ ನೋಡೋಣ.